ಎಲ್ಲ ಕಡೆ ಎಲ್ಲವೂ ಕಾಣಿಸಲ್ಲ: ತುಂಗಭದ್ರೆ ದಡದ ಹಳೇ ಟೆಂಪ್ಲೇಟ್ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ)

2023ರ ಅಕ್ಟೋಬರ್ ನೆನಪಿದೆಯಾ? ಒಂದು ದಿನ ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ಕರ್ನಾಟಕದ ಫೋನುಗಳೆಲ್ಲ ಒಟ್ಟಿಗೇ ಕಿರುಚಿಕೊಂಡವು. ಸೈಲೆಂಟ್‌ನಲ್ಲಿ ಇಟ್ಟಿದ್ದ ಫೋನೂ ಬಿಡಲಿಲ್ಲ. ಬಸ್ಸಿನಲ್ಲಿ, ಕ್ಲಾಸಿನಲ್ಲಿ, ಸಂತೆಯಲ್ಲಿ ಎಲ್ಲರೂ ಗಾಬರಿಯಾಗಿ ಜೇಬಿಗೆ ಕೈ ಹಾಕಿದರು. ಪರದೆ ತುಂಬ ತುರ್ತು ಎಚ್ಚರಿಕೆ. ಪೂರ್ತಿ ಓದಿದ ಮೇಲೆ ಗೊತ್ತಾಗಿದ್ದು, ಇದು ದೂರಸಂಪರ್ಕ ಇಲಾಖೆಯ ಪರೀಕ್ಷಾ ಸಂದೇಶ, ನೀವು ಏನೂ ಮಾಡಬೇಕಾಗಿಲ್ಲ ಅಂತ.

ಈಗ ಒಂದು ಕ್ಷಣ ಯೋಚನೆ ಮಾಡಿ. ನಿಜವಾದ ಪ್ರವಾಹ ಬಂದಾಗಲೂ ಬರೋದು ಅದೇ ಸದ್ದು, ಅದೇ ಚೌಕಟ್ಟು. ನಿಜಕ್ಕೂ ಪರೀಕ್ಷೆಗೂ ಇರೋ ವ್ಯತ್ಯಾಸ ಒಳಗಿನ ಒಂದೆರಡು ಸಾಲು ಮಾತ್ರ. ಆ ಸಾಲು ತಪ್ಪಿದರೆ ಏನಾಗುತ್ತೆ ಅನ್ನೋದನ್ನ ಹವಾಯಿ ದ್ವೀಪದವರು ನೋಡಿಬಿಟ್ಟಿದ್ದಾರೆ. 2018ರ ಜನವರಿ 13ರ ಬೆಳಿಗ್ಗೆ ಅಲ್ಲಿ ಅಣಕು ತಾಲೀಮು ನಡೀತಾ ಇತ್ತು. ತಾಲೀಮಿಗಾಗಿ ಹಾಕಿದ ಧ್ವನಿ ಸಂದೇಶದ ಶುರುವಿನಲ್ಲಿ, ಕೊನೆಯಲ್ಲಿ 'ಅಭ್ಯಾಸ' ಅನ್ನೋ ಮಾತಿತ್ತು. ಆದರೆ ನಡುವೆ 'ಇದು ತಾಲೀಮಲ್ಲ' ಅನ್ನೋ ಸಾಲೂ ಉಳಿದುಕೊಂಡಿತ್ತು. ಕೇಳಿದ ನೌಕರ ನಿಜವಾದ ಎಚ್ಚರಿಕೆಯನ್ನೇ ಕಳಿಸಿಬಿಟ್ಟ. ಕ್ಷಿಪಣಿ ಬರ್ತಾ ಇದೆ, ಅಡಗಿಕೊಳ್ಳಿ ಅಂತ ಇಡೀ ದ್ವೀಪದ ಫೋನುಗಳಿಗೆ ಸಂದೇಶ ಹೋಯಿತು. ಅದು ಸುಳ್ಳು ಅನ್ನೋ ತಿದ್ದುಪಡಿ ಫೋನಿಗೆ ಬರೋಕೆ 38 ನಿಮಿಷ ಬೇಕಾಯಿತು.

ವೆಬ್‌ಸೈಟ್ ಕಟ್ಟೋರಿಗೆ ಈ ಭಯ ದಿನನಿತ್ಯದ್ದು. ಅವರು ಒಂದು ಪುಟವನ್ನ ಒಂದೇ ಸಲ ಬರೀತಾರೆ. ಅದಕ್ಕೆ ಟೆಂಪ್ಲೇಟ್ ಅಂತಾರೆ, ಅಂದ್ರೆ ಅಚ್ಚು. ಅದೇ ಅಚ್ಚು ಮೊದಲು ಅವರ ಲ್ಯಾಪ್‌ಟಾಪ್‌ನಲ್ಲಿ ಓಡುತ್ತೆ, ಆಮೇಲೆ ಪರೀಕ್ಷೆಯ ಸರ್ವರ್‌ನಲ್ಲಿ, ಕೊನೆಗೆ ನಮ್ಮ ನಿಮ್ಮಂಥ ಜನ ಬರೋ ಅಸಲಿ ಸರ್ವರ್‌ನಲ್ಲಿ. 2004ರಲ್ಲಿ ಬಂದ ರೂಬಿ ಆನ್ ರೈಲ್ಸ್ ಈ ಮೂರಕ್ಕೆ ಡೆವಲಪ್‌ಮೆಂಟ್, ಟೆಸ್ಟ್, ಪ್ರೊಡಕ್ಷನ್ ಅನ್ನೋ ಹೆಸರುಗಳನ್ನ ಮನೆಮಾತು ಮಾಡಿತು. ಪುಟದೊಳಗೇ ಒಂದು ಷರತ್ತು ಬರೆದಿಟ್ಟಿರ್ತಾರೆ: ನೀನು ಪ್ರೊಡಕ್ಷನ್‌ನಲ್ಲಿದ್ದರೆ ಇದನ್ನ ತೋರಿಸು, ಇಲ್ಲದಿದ್ದರೆ 'ಇದು ಪರೀಕ್ಷಾ ತಾಣ' ಅನ್ನೋ ಹಳದಿ ಪಟ್ಟಿ ತೋರಿಸು. ಮೈಕ್ರೋಸಾಫ್ಟ್‌ನ ಎಎಸ್‌ಪಿ ಡಾಟ್ ನೆಟ್ ಕೋರ್‌ನಲ್ಲಿ ಇದಕ್ಕೆ 'ಎನ್ವಿರಾನ್‌ಮೆಂಟ್' ಅಂತಲೇ ಒಂದು ಟ್ಯಾಗ್ ಇದೆ. ಜ್ಯಾಂಗೋದಲ್ಲಿ ಡೀಬಗ್ ಅನ್ನೋ ಒಂದು ಸ್ವಿಚ್ ಇದೆ. ಅದನ್ನ ಆರಿಸೋದು ಮರೆತು ಪುಟವನ್ನ ಜನರಿಗೆ ಬಿಟ್ಟರೆ, ಏನಾದರೂ ದೋಷ ಬಂದಾಗ ಒಳಗಿನ ಕೋಡ್ ಸಾಲುಗಳು, ಫೈಲುಗಳ ದಾರಿ ಎಲ್ಲ ಹೊರಗಿನವರಿಗೆ ಕಾಣುತ್ತೆ. ಅಡುಗೆಮನೆ ಬಾಗಿಲು ತೆಗೆದಿಟ್ಟು ಹಾಲ್‌ನಲ್ಲಿ ನೆಂಟರನ್ನ ಕೂರಿಸಿದ ಹಾಗೆ.

ಇದಕ್ಕೂ ಹೊಸಪೇಟೆ, ಹಂಪಿ, ಕಂಪ್ಲಿಗೂ ಏನಪ್ಪಾ ಸಂಬಂಧ ಅಂತೀರಾ? ಇದೆ. ಒಂದೇ ಅಚ್ಚಿನ ಬರಹವನ್ನ ನೂರಾರು ಕಡೆ ಕಳಿಸಿ, ಎಲ್ಲಿ ನಿಂತಿದೆ ಅನ್ನೋದನ್ನ ನೋಡಿ ಏನು ತೋರಿಸಬೇಕು ಅಂತ ತೀರ್ಮಾನ ಮಾಡೋ ಕೆಲಸ ಈ ಹೊಳೆಯ ದಂಡೆಯಲ್ಲಿ ಎರಡು ಸಾವಿರ ವರ್ಷದಿಂದ ನಡೆದಿದೆ. ಸರ್ವರ್ ಬದಲು ಬಂಡೆ, ಅಷ್ಟೇ.

ಎಲ್ಲರೂ ನೋಡಿರೋ ಜಾಗದಿಂದಲೇ ಶುರು ಮಾಡೋಣ. ಹಂಪಿಯ ವಿರೂಪಾಕ್ಷ ಗುಡಿಯ ಒಳಗೆ, ರಂಗಮಂಟಪದ ಹತ್ತಿರ ಒಂದು ಶಾಸನದ ಕಲ್ಲಿದೆ. ಆನೆ ಜೊತೆ ಫೋಟೋ ತೆಗೆಸಿಕೊಳ್ಳೋ ಗಡಿಬಿಡಿಯಲ್ಲಿ ನೂರಕ್ಕೆ ತೊಂಬತ್ತು ಜನ ಅದನ್ನ ದಾಟಿ ಹೋಗ್ತಾರೆ. ಅದು ಕೃಷ್ಣದೇವರಾಯನದು, 1510ರ ಜನವರಿಯದು. ಪಟ್ಟಾಭಿಷೇಕದ ಉತ್ಸವದ ನೆನಪಿಗೆ ರಂಗಮಂಟಪ, ಗೋಪುರ ಕಟ್ಟಿಸಿ ಸಿಂಗಿನಾಯಕನಹಳ್ಳಿ ಅನ್ನೋ ಊರನ್ನ ದೇವರಿಗೆ ಬಿಟ್ಟದ್ದನ್ನ ಹೇಳುತ್ತೆ. ಗಮನಿಸಬೇಕಾದ್ದು ಏನಂದ್ರೆ, ಇದರಲ್ಲಿ ಸಂಸ್ಕೃತ ಪದ್ಯದ ಭಾಗ ಒಂದು, ಕನ್ನಡ ಗದ್ಯದ ಭಾಗ ಒಂದು. ಸಂಸ್ಕೃತದಲ್ಲಿ ವಂಶಾವಳಿ, ಹೊಗಳಿಕೆ ಇದೆ. ಅದೇ ಪದ್ಯಗಳು ಅವನ ಬೇರೆ ಶಾಸನಗಳಲ್ಲೂ ಸಿಗುತ್ತವೆ, ಅಂದ್ರೆ ಎಲ್ಲ ಪುಟದ ಮೇಲೂ ಬರೋ ಹೆಡರ್ ಇದ್ದ ಹಾಗೆ. ಯಾವ ಊರು ಯಾರಿಗೆ ಹೋಯಿತು, ಏನು ಕಟ್ಟಿಸಿದರು ಅನ್ನೋ ವ್ಯವಹಾರದ ಮಾತು ಮಾತ್ರ ಊರಿನ ಜನಕ್ಕೆ ತಿಳಿಯೋ ಕನ್ನಡದಲ್ಲಿ. ಇದೇ ರಾಯರ ಕಾಲದಲ್ಲಿ ತೆಲುಗು ಸೀಮೆಯ ಕಲ್ಲು ತೆಲುಗಿನಲ್ಲಿ ಮಾತಾಡುತ್ತೆ, ತಮಿಳು ಸೀಮೆಯದು ತಮಿಳಿನಲ್ಲಿ.

ತಾಮ್ರಶಾಸನಗಳು ಇನ್ನೂ ಮಜವಾಗಿವೆ. ಶುರುವಿಗೆ ಶಿವನಿಗೆ ನಮಸ್ಕಾರ ಹೇಳೋ ಒಂದು ಪದ್ಯ. ಅದು ಬಾಣನ ಹರ್ಷಚರಿತದಿಂದ ಎತ್ತಿಕೊಂಡದ್ದು. ಆಮೇಲೆ ವರಾಹ, ಗಣಪತಿ, ಚಂದ್ರನಿಂದ ಶುರುವಾಗೋ ವಂಶ. ನಡುವೆ ಖಾಲಿ ಬಿಟ್ಟ ಜಾಗದಲ್ಲಿ ಊರಿನ ಹೆಸರು, ಗಡಿ, ದಾನ ತೆಗೆದುಕೊಂಡವರ ಹೆಸರು ತುಂಬ್ತಾರೆ. ಕೊನೆಗೆ ದಾನವನ್ನ ಕಿತ್ತುಕೊಂಡವನಿಗೆ ಶಾಪ. ಚೆಂಗಲ್‌ಪಟ್ಟು ಕಡೆಯ ಊನಮಾಂಜೇರಿಯಲ್ಲಿ ಸಿಕ್ಕ ಅಚ್ಯುತರಾಯನ 1540ರ ತಾಮ್ರಪಟ ತೆಗೆದು ನೋಡಿ. ಪಠ್ಯ ರಚಿಸಿದವನು ಸಭಾಪತಿ, ಕೊರೆದವನು ವೀರಣಾಚಾರ್ಯ. ಈ ಇಬ್ಬರ ಹೆಸರು ಕೃಷ್ಣದೇವರಾಯನ ತಾಮ್ರಪಟಗಳಲ್ಲೂ ಬರುತ್ತೆ. ಇವತ್ತಿನ ಭಾಷೆಯಲ್ಲಿ ಒಬ್ಬ ಬ್ಯಾಕೆಂಡ್, ಒಬ್ಬ ಫ್ರಂಟೆಂಡ್ ಅಂತ ತಮಾಷೆ ಮಾಡಬಹುದು. ಇಡೀ ಪಟ ಸಂಸ್ಕೃತದಲ್ಲಿದೆ, ಲಿಪಿ ನಂದಿನಾಗರಿ. ಆದರೆ ಕಟ್ಟಕಡೆಯ ಸಾಲು ಮಾತ್ರ ಕನ್ನಡ ಲಿಪಿಯಲ್ಲಿ, ದೊಡ್ಡ ಅಕ್ಷರದಲ್ಲಿ: ಶ್ರೀ ವಿರೂಪಾಕ್ಷ. ಅದು ರಾಜನ ರುಜು. ಜಮೀನು ತಮಿಳು ನಾಡಿನದು, ಭಾಷೆ ಸಂಸ್ಕೃತದ್ದು, ರುಜು ಮಾತ್ರ ಹಂಪಿಯ ದೇವರ ಹೆಸರಿನಲ್ಲಿ, ಹಂಪಿಯ ಅಕ್ಷರದಲ್ಲಿ. ಪಟ ಎಲ್ಲೇ ಹೋದರೂ ಈ ಒಂದು ಸಾಲು ಬದಲಾಗೋ ಹಾಗಿಲ್ಲ.

ಇದು ಐನೂರು ವರ್ಷದ ಹಿಂದಿನ ಮಾತು. ಈಗ ಇನ್ನೂ ಸಾವಿರದ ಏಳುನೂರು ವರ್ಷ ಹಿಂದಕ್ಕೆ, ಕ್ರಿ.ಪೂ. 3ನೇ ಶತಮಾನಕ್ಕೆ ಹೋಗೋಣ.

ಹೊಸಪೇಟೆಯನ್ನ ನಡುವೆ ಇಟ್ಟುಕೊಂಡು ಒಂದು ಮ್ಯಾಪ್ ಮನಸ್ಸಲ್ಲಿ ಹಾಕಿಕೊಳ್ಳಿ. ಹುಬ್ಬಳ್ಳಿ ಕಡೆಗೆ ಹೋಗೋ ರೈಲು ಹತ್ತಿ ಹೊಳೆ ದಾಟಿದರೆ ಕೊಪ್ಪಳ. ಅಲ್ಲಿ ಗವಿಮಠದ ಬೆಟ್ಟದ ಮೇಲೆ ಒಂದು, ಪಾಲ್ಕಿಗುಂಡು ಅನ್ನೋ ಬೆಟ್ಟದ ಮೇಲೆ ಒಂದು ಅಶೋಕನ ಶಾಸನ ಇದೆ. ಪೂರ್ವಕ್ಕೆ ಕಂಪ್ಲಿ ದಾಟಿ ಹೊಳೆಯ ಜೊತೆಯಲ್ಲೇ ಕೆಳಕ್ಕೆ ಹೋದರೆ ಸಿರುಗುಪ್ಪ ತಾಲ್ಲೂಕು. ಅಲ್ಲಿ ನಿಟ್ಟೂರು, ಉಡೇಗೋಳ ಅನ್ನೋ ಎರಡು ಊರಿನಲ್ಲಿ ಮತ್ತೆರಡು. ಇವು ಬೆಳಕಿಗೆ ಬಂದದ್ದು 1970ರ ದಶಕದಲ್ಲಿ. ಸಂಡೂರಿನ ಗುಡ್ಡಗಳನ್ನ ಹಿಂದೆ ಬಿಟ್ಟು ದಕ್ಷಿಣಕ್ಕೆ ಇಳಿದರೆ ಮೊಳಕಾಲ್ಮೂರು. ಅಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಅಂತ ಮೂರು. ಇವನ್ನ 1892ರಲ್ಲಿ ಬಿ. ಎಲ್. ರೈಸ್ ಪತ್ತೆ ಮಾಡಿದರು. ಉತ್ತರಕ್ಕೆ ರಾಯಚೂರು ಜಿಲ್ಲೆಯ ಮಸ್ಕಿ. ಅಂದ್ರೆ ಅಶೋಕನ ಬಂಡೆಗಳು ಹೊಸಪೇಟೆಯ ನಾಲ್ಕೂ ದಿಕ್ಕಿನಲ್ಲಿ ಕೂತಿವೆ. (2021ರಲ್ಲಿ ಜಿಲ್ಲೆ ಒಡೆದಾಗ ಹೊಸಪೇಟೆ, ಹಂಪಿ ವಿಜಯನಗರಕ್ಕೆ ಹೋದವು, ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಬಂಡೆಗಳಿಗೆ ಅದರ ಚಿಂತೆ ಇಲ್ಲ.)

ಈ ಬಂಡೆಗಳ ಮೇಲೆ ಇರೋದು ಒಂದೇ ಸಂದೇಶ, ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ. ಸಾರಾಂಶ ಹೀಗೆ: ನಾನು ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯಿತು, ಮೊದಲು ಅಷ್ಟು ಉತ್ಸಾಹ ಇರಲಿಲ್ಲ, ಸಂಘದ ಹತ್ತಿರ ಬಂದ ಮೇಲೆ ಶ್ರಮ ಪಟ್ಟೆ, ಶ್ರಮ ಪಟ್ಟರೆ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಸ್ವರ್ಗ ಸಿಗುತ್ತೆ. ಇದೇ ಪಠ್ಯ ಮಧ್ಯಪ್ರದೇಶದ ರೂಪನಾಥದಲ್ಲಿದೆ, ಬಿಹಾರದ ಸಸಾರಾಮಿನಲ್ಲಿದೆ, ದಿಲ್ಲಿಯಲ್ಲೂ ಇದೆ. ಹಲವು ಕಡೆ 256 ಅನ್ನೋ ಒಂದೇ ಅಂಕಿ ಬರುತ್ತೆ. ಅದು ರಾಜ ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕ ಅಂತ ವಿದ್ವಾಂಸರು ಓದ್ತಾರೆ. ಆಪ್‌ನ 'ಅಬೌಟ್' ಪುಟದಲ್ಲಿರೋ ಬಿಲ್ಡ್ ನಂಬರ್ ಥರ ಅದು. ಈ ಬಂಡೆಗಳಿಗೆಲ್ಲ ಹೋದದ್ದು ಒಂದೇ ಮೂಲಪ್ರತಿ ಅಂತ ಅದರಿಂದ ತಿಳಿಯುತ್ತೆ.

ಆದರೆ ಜೋಡಿಸಿ ಓದಿದಾಗ ವ್ಯತ್ಯಾಸ ಕಾಣೋಕೆ ಶುರುವಾಗುತ್ತೆ. ತಂದೆ ತಾಯಿಯ ಮಾತು ಕೇಳಬೇಕು, ನಿಜ ಹೇಳಬೇಕು, ಶಿಷ್ಯ ಗುರುವನ್ನ ಗೌರವಿಸಬೇಕು ಅನ್ನೋ ಎರಡನೇ ಭಾಗ ಒಂದಿದೆ. ಅದು ಉತ್ತರದ ಯಾವ ಬಂಡೆಯ ಮೇಲೂ ಇಲ್ಲ. ಕರ್ನಾಟಕ ಮತ್ತು ಪಕ್ಕದ ಕರ್ನೂಲು ಸೀಮೆಯಲ್ಲಿ ಮಾತ್ರ ಕಾಣುತ್ತೆ. ಇಲ್ಲೂ ಎಲ್ಲ ಕಡೆ ಇಲ್ಲ. ನಿಟ್ಟೂರು, ಉಡೇಗೋಳ, ಬ್ರಹ್ಮಗಿರಿಯಲ್ಲಿ ಇದೆ. ಕೊಪ್ಪಳದಲ್ಲಿ ಇಲ್ಲ, ಮಸ್ಕಿಯಲ್ಲಿ ಇಲ್ಲ.

ಹೆಸರಿನ ವಿಷಯವೂ ಹಾಗೇ. ಬಹುತೇಕ ಎಲ್ಲ ಕಡೆ ರಾಜ ತನ್ನನ್ನ ದೇವಾನಾಂಪ್ರಿಯ ಅಂತ ಬಿರುದಿನಲ್ಲೇ ಕರೆದುಕೊಳ್ತಾನೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಓದಿದಾಗಲೂ ಈ ದೇವಾನಾಂಪ್ರಿಯ ಯಾರು ಅನ್ನೋ ಪ್ರಶ್ನೆ ಎದ್ದಿತ್ತು. ಸಿಂಹಳದ ಗ್ರಂಥಗಳನ್ನ ನೋಡಿ ಅಶೋಕನೇ ಅಂತ ಊಹಿಸಿದರು. ಕಲ್ಲಿನ ಮೇಲೇ ಆ ಹೆಸರು ಸಿಕ್ಕಿದ್ದು 1915ರಲ್ಲಿ, ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಮಸ್ಕಿಯ ಬಂಡೆಯನ್ನ ಕಂಡಾಗ. ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ನಮ್ಮ ನಿಟ್ಟೂರು, ಉಡೇಗೋಳದಲ್ಲಿ ಅಶೋಕ ಅನ್ನೋ ಹೆಸರು ಸಿಕ್ಕಿತು. ನಾಲ್ಕರಲ್ಲಿ ಮೂರು ಕರ್ನಾಟಕದವು. ಅದೂ ಹೊಸಪೇಟೆಯಿಂದ ಒಂದು ದಿನದಲ್ಲಿ ಹೋಗಿಬರೋ ದೂರದಲ್ಲಿ. ಪಠ್ಯಪುಸ್ತಕದಲ್ಲಿ ಮಸ್ಕಿಗೆ ಒಂದು ಸಾಲು ಸಿಗುತ್ತೆ, ನಿಟ್ಟೂರಿಗೆ ಅದೂ ಕಷ್ಟ. ಇದು ನನಗೆ ಸರಿ ಕಾಣಲ್ಲ.

ಈಗ ಬ್ರಹ್ಮಗಿರಿ. ಅಲ್ಲಿ ಸಂದೇಶ ಶುರುವಾಗೋದಕ್ಕೂ ಮೊದಲು ಬೇರೆಲ್ಲೂ ಇಲ್ಲದ ಒಂದು ಪೀಠಿಕೆ ಇದೆ, ಪಕ್ಕದ ಸಿದ್ದಾಪುರದಲ್ಲೂ ಅದೇ ಇದೆ. ಸುವರ್ಣಗಿರಿಯಿಂದ, ಆರ್ಯಪುತ್ರ ಮತ್ತು ಮಹಾಮಾತ್ರರ ಮಾತಿನಂತೆ, ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಬೇಕು, ಆಮೇಲೆ ಹೀಗೆ ಹೇಳಬೇಕು ಅಂತ. ಇದು ಪ್ರಜೆಗಳಿಗೆ ಬರೆದದ್ದಲ್ಲ ಕಣ್ರೀ. ಪ್ರಾಂತ್ಯದ ರಾಜಧಾನಿಯಿಂದ ಕೆಳಗಿನ ಕಚೇರಿಗೆ ಹೋದ ಕವರಿಂಗ್ ಲೆಟರ್. 'ಮಾನ್ಯರೇ, ಕ್ಷೇಮವೇ, ಇದರ ಜೊತೆ ಲಗತ್ತಿಸಿದೆ' ಅನ್ನೋದನ್ನೂ ಸೇರಿಸಿ ಬಂಡೆಗೆ ಕೊರೆದುಬಿಟ್ಟಿದ್ದಾರೆ! ಡೀಬಗ್ ಸ್ವಿಚ್ ಆರಿಸೋದು ಮರೆತದ್ದಕ್ಕೆ ಇದಕ್ಕಿಂತ ಹಳೇ ಉದಾಹರಣೆ ನನಗಂತೂ ಕಂಡಿಲ್ಲ. ಆದರೆ ಆ ಮರೆವಿನಿಂದ ನಮಗೆ ಸಿಕ್ಕಿದ್ದು ದೊಡ್ಡದು. ದಕ್ಷಿಣದಲ್ಲಿ ಸುವರ್ಣಗಿರಿ ಅನ್ನೋ ಮೌರ್ಯರ ಕೇಂದ್ರ ಇತ್ತು, ಅಲ್ಲಿ ರಾಜಕುಮಾರನೊಬ್ಬ ಕೂತಿದ್ದ, ಅವನ ಕೆಳಗೆ ಇಸಿಲ ಅನ್ನೋ ಕಚೇರಿ ಇತ್ತು ಅನ್ನೋದೆಲ್ಲ ನಮಗೆ ತಿಳಿದದ್ದು ಈ ಸಾಲಿನಿಂದ. ಎಲ್ಲರೂ ಅಚ್ಚುಕಟ್ಟಾಗಿ ಕೆಲಸ ಮಾಡಿದ್ದರೆ ಇದು ಅಳಿಸಿಹೋಗಿರ್ತಿತ್ತು. ಸುವರ್ಣಗಿರಿ ಇವತ್ತಿನ ಯಾವ ಊರು ಅನ್ನೋದಕ್ಕೆ ಮಸ್ಕಿ, ಗಂಗಾವತಿ ಕಡೆಯ ಕನಕಗಿರಿ, ಆಂಧ್ರದ ಜೊನ್ನಗಿರಿ ಅಂತ ವಾದ ನಡೀತಾನೇ ಇದೆ.

ಬ್ರಹ್ಮಗಿರಿಯಲ್ಲಿ ಇನ್ನೊಂದು ಸಂಗತಿ. ಕೊನೆಗೆ ಬರೆದವನ ಹೆಸರಿದೆ, ಚಪಡ. 'ಲಿಪಿಕಾರ' ಅನ್ನೋ ಪದವನ್ನ ಮಾತ್ರ ಅವನು ಬ್ರಾಹ್ಮಿಯಲ್ಲಿ ಬರೀದೆ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಬಲದಿಂದ ಎಡಕ್ಕೆ ಓಡೋ ಲಿಪಿ, ಇವತ್ತಿನ ಪಾಕಿಸ್ತಾನದ ವಾಯವ್ಯ ಭಾಗದ್ದು. ಮೊಳಕಾಲ್ಮೂರಿನ ಜನಕ್ಕೆ ಅದು ಅರ್ಥವಾಗೋ ಸಾಧ್ಯತೆಯೇ ಇಲ್ಲ. ಅಷ್ಟು ದೂರದಿಂದ ಬಂದ ನೌಕರನೊಬ್ಬ ತನ್ನ ಕಸುಬಿನ ಹೆಸರನ್ನ ತನ್ನ ಊರಿನ ಅಕ್ಷರದಲ್ಲಿ ಬಿಟ್ಟುಹೋಗಿದ್ದಾನೆ. ಆಗ ಹೇಳಿದ ಶ್ರೀ ವಿರೂಪಾಕ್ಷ ರುಜುವಿಗೆ ಇದು ತದ್ವಿರುದ್ಧ. ಅಲ್ಲಿ ಸಾಮ್ರಾಜ್ಯ ಸಹಿ ಹಾಕಿತ್ತು, ಇಲ್ಲಿ ಸಾಮ್ರಾಜ್ಯದ ಒಬ್ಬ ಗುಮಾಸ್ತ.

ಇಲ್ಲಿವರೆಗೆ ಹೇಳಿದ್ದು ನಗುನಗುತ್ತಾ ಹೇಳಬಹುದಾದ ಕಥೆ. ಇನ್ನು ಮುಂದಿನದು ಹಾಗಲ್ಲ.

ಅಶೋಕನ ದೊಡ್ಡ ಶಾಸನಗಳು ಹದಿನಾಲ್ಕು. ಇವೂ ಒಂದು ಸೆಟ್, ಸಾಮ್ರಾಜ್ಯದ ಅಂಚುಗಳಿಗೆಲ್ಲ ಹೋದದ್ದು. ಗುಜರಾತಿನ ಗಿರ್ನಾರ್‌ನಲ್ಲಿ 'ರಾಜಾ' ಅಂತ ಇದ್ದರೆ ಪೂರ್ವದ ಒಡಿಶಾದಲ್ಲಿ 'ಲಾಜಾ' ಅಂತ ಇರುತ್ತೆ, ಆ ಕಡೆಯ ಪ್ರಾಕೃತದಲ್ಲಿ 'ರ' ಇದ್ದಲ್ಲಿ 'ಲ' ಬರೋದರಿಂದ. ವಾಯವ್ಯದ ಶಾಹ್‌ಬಾಜ್‌ಗಢಿಯಲ್ಲಿ ಲಿಪಿಯೇ ಖರೋಷ್ಠಿ. ಅಫ್ಘಾನಿಸ್ತಾನದ ಕಂದಹಾರಿನಲ್ಲಿ ಅಶೋಕನ ಮಾತು ಗ್ರೀಕ್‌ನಲ್ಲಿ, ಅರಮಾಯಿಕ್‌ನಲ್ಲಿ ಸಿಕ್ಕಿದೆ. ಇಷ್ಟರ ಮಟ್ಟಿಗೆ ಇದು ಫೋನಿನಲ್ಲಿ ಭಾಷೆ ಬದಲಾಯಿಸಿಕೊಂಡ ಹಾಗೆ.

ಹದಿಮೂರನೇ ಶಾಸನ ಎಲ್ಲರಿಗೂ ಗೊತ್ತಿರೋದು. ಕಳಿಂಗವನ್ನ ಗೆದ್ದಾಗ ಒಂದೂವರೆ ಲಕ್ಷ ಜನರನ್ನ ಸೆರೆಹಿಡಿದು ಸಾಗಿಸಿದೆ, ಒಂದು ಲಕ್ಷ ಜನ ಅಲ್ಲೇ ಸತ್ತರು, ಅದರ ಎಷ್ಟೋ ಪಟ್ಟು ಜನ ಆಮೇಲೆ ಸತ್ತರು, ಇದಕ್ಕಾಗಿ ದುಃಖವಾಗಿದೆ ಅಂತ ರಾಜನೇ ಬರೆಸಿದ್ದು. ಶಾಲೆಯಲ್ಲಿ ಅಶೋಕ ಅಂದ್ರೆ ಇದೇ ಪಾಠ. ಅದು ಗಿರ್ನಾರ್‌ನಲ್ಲಿದೆ, ಶಾಹ್‌ಬಾಜ್‌ಗಢಿಯಲ್ಲಿದೆ, ಹಿಮಾಲಯದ ತಪ್ಪಲಿನ ಕಾಲ್ಸಿಯಲ್ಲಿದೆ.

ಕಳಿಂಗದಲ್ಲಿ ಮಾತ್ರ ಇಲ್ಲ.

ಭುವನೇಶ್ವರದ ಹತ್ತಿರ ಧೌಲಿ, ಗಂಜಾಂ ಜಿಲ್ಲೆಯ ಜೌಗಡ, ಎರಡೂ ಕಳಿಂಗದ ನೆಲ. ಎರಡೂ ಬಂಡೆಯಲ್ಲಿ ಹತ್ತನೇ ಶಾಸನದವರೆಗೆ ಇದೆ, ಆಮೇಲೆ ನೇರವಾಗಿ ಹದಿನಾಲ್ಕು. 11, 12, 13 ಬಿಟ್ಟಿದ್ದಾರೆ. ಅವುಗಳ ಬದಲು ಬೇರೆಲ್ಲೂ ಇಲ್ಲದ ಎರಡು ಪ್ರತ್ಯೇಕ ಶಾಸನ ಸೇರಿಸಿದ್ದಾರೆ. ಧೌಲಿಯದು ತೋಸಲಿಯ ಅಧಿಕಾರಿಗಳಿಗೆ, ಜೌಗಡದ್ದು ಸಮಾಪಾದ ಅಧಿಕಾರಿಗಳಿಗೆ. ಊರಿನ ಹೆಸರು ಮಾತ್ರ ಬದಲಾಗೋ ಅದೇ ಅಚ್ಚು. ಎಲ್ಲ ಜನರೂ ನನ್ನ ಮಕ್ಕಳು, ಯಾರನ್ನೂ ಕಾರಣವಿಲ್ಲದೆ ಸೆರೆಗೆ ಹಾಕಬೇಡಿ, ಹಿಂಸೆ ಕೊಡಬೇಡಿ, ಅಸೂಯೆ, ಸಿಟ್ಟು, ಸೋಮಾರಿತನ ಇಟ್ಟುಕೊಂಡು ಆಡಳಿತ ಮಾಡಬೇಡಿ ಅಂತ ಅದು ಹೇಳುತ್ತೆ. ತಿಷ್ಯ ನಕ್ಷತ್ರದ ದಿನ ಇದನ್ನ ಜೋರಾಗಿ ಓದಿ ಹೇಳಬೇಕು, ನಡುವೆ ಒಬ್ಬನೇ ಕೇಳೋಕೆ ಬಂದರೂ ಓದಬೇಕು ಅಂತ ಆಜ್ಞೆ ಕೂಡ ಇದೆ.

ಇದನ್ನ ಎರಡು ಥರ ಓದಬಹುದು. ಗಾಯ ಇನ್ನೂ ಹಸಿಯಾಗಿರೋ ಜನರ ಮುಂದೆ ಸತ್ತವರ ಲೆಕ್ಕ ಹೇಳೋದು ಕ್ರೌರ್ಯ, ಅವರಿಗೆ ಬೇಕಿದ್ದದ್ದು ಒಳ್ಳೆಯ ಅಧಿಕಾರಿ, ಅದನ್ನೇ ಕೊಟ್ಟ ಅನ್ನೋದು ಒಂದು. ಪಶ್ಚಾತ್ತಾಪವನ್ನ ದೇಶಕ್ಕೆಲ್ಲ ಸಾರಿ, ಕ್ಷಮೆ ಕೇಳಬೇಕಾದವರ ಮುಂದೆ ಮಾತ್ರ ಬಾಯಿ ಮುಚ್ಚಿಕೊಂಡ ಅನ್ನೋದು ಇನ್ನೊಂದು. ನನ್ನ ಮನಸ್ಸು ಎರಡನೆಯದರ ಕಡೆ ವಾಲುತ್ತೆ. ಹದಿಮೂರನೇ ಶಾಸನದಲ್ಲೇ ಕಾಡಿನ ಜನರಿಗೆ ಒಂದು ಎಚ್ಚರಿಕೆ ಇದೆ: ರಾಜನಿಗೆ ಪಶ್ಚಾತ್ತಾಪ ಇದ್ದರೂ ಶಕ್ತಿ ಇನ್ನೂ ಇದೆ, ತಿದ್ದಿಕೊಳ್ಳಿ ಅಂತ. ಇದನ್ನ ಬರೆಸಿದವನಿಗೆ ಯಾವ ಮಾತು ಯಾವ ಊರಲ್ಲಿ ಹೇಗೆ ಕೇಳಿಸುತ್ತೆ ಅನ್ನೋದು ಚೆನ್ನಾಗಿ ಗೊತ್ತಿತ್ತು.

ಗೊತ್ತಿತ್ತು ಅನ್ನೋದಕ್ಕೆ ಅವನ ಮಾತೇ ಸಾಕ್ಷಿ. ಹದಿನಾಲ್ಕನೇ ಶಾಸನ ಒಂದು ಥರ ರೀಡ್‌ಮೀ ಫೈಲ್. ಅದರಲ್ಲಿ ಅಶೋಕ ಹೇಳೋದು ಇಷ್ಟು: ಈ ಬರಹ ಕೆಲವು ಕಡೆ ಸಂಕ್ಷಿಪ್ತವಾಗಿದೆ, ಕೆಲವು ಕಡೆ ಮಧ್ಯಮ, ಕೆಲವು ಕಡೆ ವಿಸ್ತಾರ, ಎಲ್ಲವೂ ಎಲ್ಲ ಕಡೆಗೆ ಹೊಂದೋದಿಲ್ಲ, ರಾಜ್ಯ ದೊಡ್ಡದು, ಎಲ್ಲಾದರೂ ಅರ್ಧಂಬರ್ಧ ಇದ್ದರೆ ಅದು ಆ ಜಾಗದ ಕಾರಣಕ್ಕಿರಬಹುದು, ಬೇರೆ ಕಾರಣ ಯೋಚಿಸಿ ಬಿಟ್ಟದ್ದಿರಬಹುದು, ಇಲ್ಲಾ ಲಿಪಿಕಾರನ ತಪ್ಪಿರಬಹುದು. ಎರಡು ಸಾವಿರ ವರ್ಷ ಹಳೆಯ ಬರಹದಲ್ಲಿ ಡೆವಲಪರ್ ಮೇಲೆ ತಪ್ಪು ಹಾಕೋ ಸಾಲೂ ಇದೆ ನೋಡಿ. ಈ ಹದಿನಾಲ್ಕನೆಯದು ಕಳಿಂಗದ ಬಂಡೆಗಳ ಮೇಲೂ ಇದೆ. ಅಂದ್ರೆ ಇಲ್ಲಿ ಏನೋ ಬಿಟ್ಟಿರಬಹುದು ಅನ್ನೋ ಮಾತನ್ನ ಅವರಿಗೂ ತೋರಿಸಿದ್ದಾನೆ, ಏನು ಬಿಟ್ಟಿದ್ದು ಅಂತ ಮಾತ್ರ ತೋರಿಸಿಲ್ಲ.

ಇದು ಒಡಿಶಾದ ಕಥೆ ಅಂತ ಬಿಡೋ ಹಾಗಿಲ್ಲ. ಕಲಬುರಗಿ ಜಿಲ್ಲೆಯಲ್ಲಿ, ಭೀಮಾ ನದಿ ದಂಡೆಯ ಸನ್ನತಿಯಲ್ಲಿ ಚಂದ್ರಲಾಂಬಾ ದೇವಸ್ಥಾನ ಇದೆ. ಆ ಆವರಣದ ಕಾಳಿ ಗುಡಿಯ ಚಾವಣಿ 1980ರ ದಶಕದಲ್ಲಿ ಕುಸಿಯಿತು. ಜೀರ್ಣೋದ್ಧಾರ ಮಾಡುವಾಗ ದೇವಿಯ ಪೀಠದ ಚಪ್ಪಡಿಯ ಎರಡೂ ಮುಖದ ಮೇಲೆ ಬ್ರಾಹ್ಮಿ ಅಕ್ಷರ ಕಂಡವು. ಓದಿ ನೋಡಿದರೆ ಒಂದು ಮುಖದಲ್ಲಿ 12 ಮತ್ತು 14ನೇ ಶಾಸನಗಳ ಭಾಗ. ಇನ್ನೊಂದು ಮುಖದಲ್ಲಿ ಧೌಲಿ, ಜೌಗಡದಲ್ಲಿ ಬಿಟ್ಟು ಬೇರೆಲ್ಲೂ ಇಲ್ಲ ಅಂದುಕೊಂಡಿದ್ದ ಆ ಎರಡು ಪ್ರತ್ಯೇಕ ಶಾಸನಗಳು. ಕಳಿಂಗಕ್ಕೆ ಅಂತ ಮಾಡಿದ ಆವೃತ್ತಿಯ ತುಣುಕು ಕರ್ನಾಟಕಕ್ಕೂ ಬಂದಿತ್ತು. ಹೊಸದಾಗಿ ಹಿಡಿದ, ನಂಬಿಕೆ ಕುದುರದ ಸೀಮೆಗಳಿಗೆಲ್ಲ ಇದೇ ಆವೃತ್ತಿ ಹೋಗ್ತಿತ್ತಾ ಅನ್ನೋ ಪ್ರಶ್ನೆ ಈ ಚಪ್ಪಡಿಯಿಂದಲೇ ಹುಟ್ಟಿದ್ದು.

ಅದಕ್ಕೆ ಉತ್ತರ ಹೇಳಬೇಕಾದ ಅಕ್ಷರಗಳಲ್ಲಿ ಕೆಲವು ಈಗ ಇಲ್ಲ. ಯಾವುದೋ ಕಾಲದಲ್ಲಿ ಮೂರ್ತಿಯನ್ನ ಭದ್ರವಾಗಿ ಕೂರಿಸೋಕೆ ಚಪ್ಪಡಿಯ ನಡುವೆ ಚೌಕಾಕಾರದ ಗುಂಡಿ ಕೊರೆದಿದ್ದರು, ಆ ಜಾಗದಲ್ಲಿದ್ದ ಸಾಲುಗಳು ಅದರ ಜೊತೆ ಹೋದವು.